ಹಾಸನದಲ್ಲಿ ಕೂತು ಪೋಲಿಷ್ ಸೈನಿಕರ ಕಾಗದಪತ್ರ ಸಂಗ್ರಹಿಸುವುದು

ಎರಡನೇ ಮಹಾಯುದ್ಧದ ಪೋಲಿಷ್ ಸೈನಿಕನೊಬ್ಬನ ಪೇ ಬುಕ್ (ಸಂಬಳ, ಸಂಬಂಧಿಕರ ವಿವರ ಬರೆದಿಡುವ ಸೈನಿಕನ ಕಿರುಪುಸ್ತಕ) ಕೊಳ್ಳುವ ಮೊದಲು ಮಾರುವವರನ್ನು ಒಂದು ಮಾತು ಕೇಳಿ: "ಇದರ ಜೊತೆ ಇನ್ನೇನೇನು ಸಿಕ್ಕಿತ್ತು?" ಬೆಲೆಯ ಮಾತು ಆಮೇಲೆ. ಹಳೇ ಸೈನಿಕ ತೀರಿಕೊಂಡ ಮೇಲೆ ಮನೆಯಿಂದ ಹೊರಬೀಳುವುದು ಸಾಮಾನ್ಯವಾಗಿ ಒಂದು ಕಟ್ಟು. ಅದರಲ್ಲಿ ಪೇ ಬುಕ್ ಇರುತ್ತದೆ, ಪದಕದ ಚೀಟಿ ಇರುತ್ತದೆ, ಒಂದೆರಡು ಫೋಟೊ, ಹೆಂಡತಿಯ ಕಾಗದ, ಸೈನ್ಯದಿಂದ ಬಿಡುಗಡೆ ಮಾಡಿದ ಪತ್ರ ಇರುತ್ತವೆ. ವ್ಯಾಪಾರಿಗಳು ಅದನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾರೆ. ಹಾಗೆ ಮಾರಿದರೆ ದುಡ್ಡು ಜಾಸ್ತಿ. ಪದಕ ಒಬ್ಬರ ಪಾಲಾಗುತ್ತದೆ, ಫೋಟೊ ಇನ್ನೊಬ್ಬರ ಪಾಲಾಗುತ್ತದೆ. ಒಂದೇ ಮನುಷ್ಯನ ಹೆಸರು ಒಂದು ದೇಶಕ್ಕೆ, ಮುಖ ಇನ್ನೊಂದು ದೇಶಕ್ಕೆ ಹೋಗುತ್ತದೆ. ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟು: ಕಟ್ಟು ಬಿಚ್ಚಬೇಡಿ. ಬಿಚ್ಚಿಹೋಗಿದ್ದರೆ ಕೈಲಾದಷ್ಟು ಕೂಡಿಸಿ.

ನಾನು ಹಾಸನದವಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಸ್ಟಾಂಪ್ ಹುಚ್ಚು ಹೈಸ್ಕೂಲಿನಿಂದ ಇತ್ತು. ಯುದ್ಧದ ವೇಳೆ ಪೋಲೆಂಡ್ ಸರ್ಕಾರ ಲಂಡನ್ನಿನಲ್ಲಿ ಕೂತು ಕೆಲಸ ನಡೆಸುತ್ತಿತ್ತು. ಸ್ವಂತ ನೆಲವಿಲ್ಲದ ಆ ಸರ್ಕಾರ 1941ರ ಡಿಸೆಂಬರಿನಲ್ಲಿ ತನ್ನದೇ ಸ್ಟಾಂಪ್ ಹೊರಡಿಸಿತು. 1944ರಲ್ಲಿ ತನ್ನ ಸ್ಟಾಂಪುಗಳ ಮೇಲೆ 'ಮೊಂಟೆ ಕಸೀನೊ' (ಇಟಲಿಯಲ್ಲಿ ಪೋಲಿಷ್ ಸೈನಿಕರು ಗೆದ್ದ ಬೆಟ್ಟ) ಎಂದೂ, ಮೇ 18ರ ತಾರೀಕನ್ನೂ ಅಚ್ಚೊತ್ತಿಸಿತು. ಆ ಸ್ಟಾಂಪೇ ನನ್ನನ್ನು ಲಕೋಟೆಗೆ ಎಳೆಯಿತು. ಲಕೋಟೆಯಿಂದ ಅದನ್ನು ಬರೆದವನ ಹತ್ತಿರ ಹೋದೆ.

ಮೊದಲು ಒಂದು ದಾರಿ ಆರಿಸಿಕೊಳ್ಳಿ

'ಪೋಲಿಷ್ ಸೈನ್ಯ' ಅಂತ ಒಂದೇ ಸೈನ್ಯ ಇರಲಿಲ್ಲ. ಇದು ಗೊತ್ತಿಲ್ಲದೆ ಕೊಳ್ಳಲು ಹೋದರೆ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುತ್ತೀರಿ. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿಗೆ ನುಗ್ಗಿತು. ಅದೇ ತಿಂಗಳ 17ರಂದು ಪೂರ್ವದಿಂದ ಸೋವಿಯತ್ ಸೈನ್ಯ ನುಗ್ಗಿತು. ಒಂದಷ್ಟು ಸೈನಿಕರು ರೊಮೇನಿಯಾ, ಹಂಗೇರಿ ದಾಟಿ ಫ್ರಾನ್ಸಿಗೆ, ಅಲ್ಲಿಂದ ಬ್ರಿಟನ್ನಿಗೆ ಹೋದರು. ಬ್ರಿಟನ್ನಿನ ಆಕಾಶದಲ್ಲಿ ಹೋರಾಡಿದ 303ನೇ ಸ್ಕ್ವಾಡ್ರನ್ ಇವರದೇ. ಲಕ್ಷಾಂತರ ಜನರನ್ನು ಸೋವಿಯತ್ ಒಳನಾಡಿಗೆ ಸಾಗಿಸಲಾಯಿತು. ಲಂಡನ್ನಿನ ಪೋಲಿಷ್ ಸರ್ಕಾರಕ್ಕೂ ಸೋವಿಯತ್ ಸರ್ಕಾರಕ್ಕೂ 1941ರ ಜುಲೈ 30ರಂದು ಆದ ಒಪ್ಪಂದದ ನಂತರ ಅವರಲ್ಲಿ ಬಿಡುಗಡೆಯಾದವರನ್ನು ಕಟ್ಟಿಕೊಂಡು, ಸ್ವತಃ ಮಾಸ್ಕೋ ಜೈಲಿನಿಂದ ಹೊರಬಂದ ಜನರಲ್ ಆಂಡರ್ಸ್ ಒಂದು ಸೈನ್ಯ ಎಬ್ಬಿಸಿದರು. 1942ರಲ್ಲಿ ಆ ಸೈನ್ಯ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂತು. ಮುಂದೆ ಇರಾಕ್, ಪ್ಯಾಲೆಸ್ಟೈನ್, ಈಜಿಪ್ಟ್, ಕೊನೆಗೆ ಇಟಲಿ. ಇನ್ನೊಂದು ಸೈನ್ಯ 1943ರಿಂದ ಸೋವಿಯತ್ ಕೈಕೆಳಗೆ ಬೆಳೆಯಿತು. ಇವೆಲ್ಲದರ ಜೊತೆಗೆ ಆಕ್ರಮಿತ ಪೋಲೆಂಡಿನ ಒಳಗೇ ಗುಟ್ಟಾಗಿ ಹೋರಾಡಿದ ಹೋಮ್ ಆರ್ಮಿ.

ಇದರಲ್ಲಿ ಯಾವುದಾದರೂ ಒಂದು ಎಳೆ ಹಿಡಿಯಿರಿ. ನಾನು ಹಿಡಿದದ್ದು ನಮ್ಮ ದೇಶದ ಎಳೆ. ಸೋವಿಯತ್ ನೆಲದಿಂದ ಹೊರಬಂದ ಪೋಲಿಷ್ ಹೆಂಗಸರು, ಮಕ್ಕಳಲ್ಲಿ ಸಾವಿರಾರು ಜನ ಭಾರತಕ್ಕೆ ಬಂದರು. ಈಗಿನ ಗುಜರಾತಿನ ನವಾನಗರ ಸಂಸ್ಥಾನದ ರಾಜ ಜಾಮ್ ಸಾಹೇಬರು ಬಾಲಾಚಡಿಯಲ್ಲಿ ಮಕ್ಕಳಿಗೆ ಆಸರೆ ಕೊಟ್ಟರು. ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5000 ಜನರ ಕ್ಯಾಂಪ್ ಇತ್ತು. ವಳಿವಡೆ ಎಂದರೆ ನಮ್ಮ ಬೆಳಗಾವಿಯಿಂದ ದೂರವೇನಲ್ಲ. ಎಷ್ಟೋ ಮನೆಗಳಲ್ಲಿ ಗಂಡ, ಮಗ ಇಟಲಿಯ ಯುದ್ಧಭೂಮಿಯಲ್ಲಿ, ಹೆಂಡತಿ, ತಾಯಿ ಕೊಲ್ಹಾಪುರದಲ್ಲಿ. ಅವರ ನಡುವೆ ಕಾಗದ ಓಡಾಡುತ್ತಿತ್ತು. ಲಕೋಟೆಯ ಮೇಲೆ 'ಪೋಲಿಷ್ ಫೋರ್ಸಸ್, ಸಿ.ಎಂ.ಎಫ್.' ಎಂದಿದ್ದರೆ ಅದು ಇಟಲಿ ಕಡೆಯ ಸೈನ್ಯದ ವಿಳಾಸ. ಸೆನ್ಸಾರ್ ಮುದ್ರೆ, ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ, ಭಾರತದ ಮುದ್ರೆ ಮೂರೂ ಒಂದೇ ಲಕೋಟೆಯಲ್ಲಿ ಸಿಕ್ಕರೆ ಆ ಕಾಗದ ನಡೆದ ದಾರಿಯೇ ಕಣ್ಣಿಗೆ ಕಾಣುತ್ತದೆ.

ಹೊಸಬರು ಬಿಡಬೇಕಾದ ಎರಡು ದಾರಿಗಳಿವೆ. ಒಂದು, 1944ರ ವಾರ್ಸಾ ದಂಗೆಯ ಹೋಮ್ ಆರ್ಮಿ ಗುರುತುಚೀಟಿಗಳು. ಸಣ್ಣ ಕಾಗದ, ಟೈಪ್ ಮಾಡಿದ ನಾಲ್ಕು ಸಾಲು, ಒಂದು ರಬ್ಬರ್ ಮುದ್ರೆ. ನಕಲು ಮಾಡುವುದು ಸುಲಭ, ಬೇಡಿಕೆಯೂ ಜಾಸ್ತಿ. ಅದಕ್ಕೇ ನಕಲಿ ಹೇರಳ. ಇನ್ನೊಂದು, ಕಾಟಿನ್ ಕಾಡಿನದು ಎಂದು ಮಾರುವ ವಸ್ತುಗಳು. 1940ರಲ್ಲಿ ಸೋವಿಯತ್ ಗುಪ್ತ ಪೊಲೀಸರು ಸುಮಾರು 22,000 ಪೋಲಿಷ್ ಸೆರೆಯಾಳುಗಳನ್ನು ಕೊಂದರು. ಅವರ ಗೋರಿಯಿಂದ ಬಂದದ್ದು ಎನ್ನುವ ಕಾಗದ ಸುಳ್ಳಾಗಿದ್ದರೆ ಮೋಸ. ನಿಜವಾಗಿದ್ದರೆ ಅದು ಇರಬೇಕಾದದ್ದು ಮ್ಯೂಸಿಯಮ್ಮಿನಲ್ಲಿ. ಎರಡೂ ರೀತಿಯಲ್ಲಿ ನಾವು ಮುಟ್ಟಬಾರದ್ದು.

ಪೇ ಬುಕ್ ಓದುವುದು

ನನ್ನ ಹತ್ತಿರ ಇರುವ ಒಂದು ಪೇ ಬುಕ್ ತೆರೆದಿಟ್ಟುಕೊಂಡೇ ಹೇಳುತ್ತೇನೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಕಂದು ಬಟ್ಟೆಯ ರಟ್ಟು, ಮೂಲೆಗಳು ಸವೆದು ದುಂಡಗಾಗಿವೆ. ಒಳಗೆ ಪೋಲಿಷ್ ಜೊತೆ ಇಂಗ್ಲಿಷೂ ಅಚ್ಚಾಗಿದೆ, ಏಕೆಂದರೆ ಆಂಡರ್ಸ್ ಸೈನ್ಯ ಹೋರಾಡಿದ್ದು ಬ್ರಿಟಿಷ್ ಕಮಾಂಡಿನ ಕೆಳಗೆ. ಸಂಬಳ ಕೊಟ್ಟ ಪುಟದಲ್ಲಿ ಪ್ರತಿ ಸಾಲಿಗೂ ಅಧಿಕಾರಿಯ ಸಣ್ಣ ಸಹಿ. ಮೊದಮೊದಲು ಒಂದೇ ಕೈ, ನಂತರ ಬೇರೆ ಕೈ. ಇಂಕಿನ ಬಣ್ಣವೂ ನಡುನಡುವೆ ಬದಲಾಗುತ್ತದೆ. ಹತ್ತಿರದ ಸಂಬಂಧಿಕರ ಕಲಂನಲ್ಲಿ ಹೆಂಡತಿಯ ಹೆಸರಿದೆ. ವಿಳಾಸದ ಜಾಗದಲ್ಲಿ ಮೊದಲು ಪೋಲೆಂಡಿನ ಒಂದು ಹಳ್ಳಿ ಬರೆದು ಹೊಡೆದುಹಾಕಿದ್ದಾರೆ. ಅದರ ಕೆಳಗೆ ನೇರಳೆ ಕಾಪಿಂಗ್ ಪೆನ್ಸಿಲ್ಲಿನಲ್ಲಿ ಕೊಲ್ಹಾಪುರದ ಕ್ಯಾಂಪಿನ ವಿಳಾಸ. ಆ ಪುಟ ತೆರೆದಾಗಲೆಲ್ಲ ನನಗೆ ಈಗಲೂ ಕೈ ತಡೆಯುತ್ತದೆ.

ಪೋಲಿಷ್ ಕಲಿಯಬೇಕಾಗಿಲ್ಲ. ಅಚ್ಚಾದ ಐದಾರು ಪದ ಗುರುತಿಸಿದರೆ ಸಾಕು. 'ನಾಜ್ವಿಸ್ಕೊ' ಎದುರು ಮನೆತನದ ಹೆಸರು, 'ಇಮ್ಯೆ' ಎದುರು ಸ್ವಂತ ಹೆಸರು, 'ಸ್ತೋಪ್ಯೆನ್' ಎದುರು ದರ್ಜೆ, 'ಪೋದ್ಪಿಸ್' ಎದುರು ಸಹಿ. ಹೆಸರನ್ನು ಅಂತರ್ಜಾಲದಲ್ಲಿ ಹುಡುಕುವಾಗ ಒಂದು ಎಚ್ಚರ. ಪೋಲಿಷ್‌ನಲ್ಲಿ ಅಡ್ಡಗೆರೆ ಎಳೆದ 'ಎಲ್' ಬೇರೆ, ಸಾದಾ 'ಎಲ್' ಬೇರೆ. ಬಾಲ ಇರುವ ಅಕ್ಷರಗಳು, ತಲೆಯ ಮೇಲೆ ಗೆರೆ ಇರುವ ಅಕ್ಷರಗಳು ಬೇರೆ ಇವೆ. ಫೋನಿನಲ್ಲಿ ಪೋಲಿಷ್ ಕೀಬೋರ್ಡ್ ಹಾಕಿಕೊಂಡು ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿ. ಸಿಗದಿದ್ದರೆ ಸಾದಾ ಅಕ್ಷರದಲ್ಲಿ ಮತ್ತೊಮ್ಮೆ ಹುಡುಕಿ.

ಮುದ್ರೆಯಲ್ಲಿರುವ ಹದ್ದನ್ನು ಭೂತಕನ್ನಡಿಯಲ್ಲಿ ನೋಡಿ. ಲಂಡನ್ ಸರ್ಕಾರದ ಕಡೆಯ ಸೈನ್ಯದ ಹದ್ದಿಗೆ ತಲೆಯ ಮೇಲೆ ಕಿರೀಟ ಇರುತ್ತದೆ. ಸೋವಿಯತ್ ಕಡೆ ಬೆಳೆದ ಸೈನ್ಯದ ಹದ್ದಿಗೆ ಕಿರೀಟ ಇಲ್ಲ. 'ಆಂಡರ್ಸ್ ಸೈನಿಕನ ದಾಖಲೆ' ಎಂದು ಮಾರುತ್ತಿರುವ ಪುಸ್ತಕದಲ್ಲಿ ಬೋಳುತಲೆಯ ಹದ್ದು ಕಂಡರೆ ಅದು ಬೇರೆ ಸೈನ್ಯದ್ದು, ಇಲ್ಲವೇ ಯುದ್ಧ ಮುಗಿದ ಮೇಲಿನದು.

ಅಸಲಿಯೋ ನಕಲಿಯೋ

ಫೋಟೊ ಅಂಟಿಸಿದ ದಾಖಲೆಯಲ್ಲಿ ಮುದ್ರೆ ಅರ್ಧ ಫೋಟೊ ಮೇಲೆ, ಅರ್ಧ ಪುಟದ ಮೇಲೆ ಬಿದ್ದಿರುತ್ತದೆ. ಆ ದುಂಡುಗೆರೆ ಫೋಟೊ ಅಂಚಿನಲ್ಲಿ ತುಂಡಾಗದೆ ಮುಂದುವರಿಯಬೇಕು. ಗೆರೆ ಸ್ವಲ್ಪ ಅತ್ತಿತ್ತ ಜರುಗಿದ್ದರೂ ಫೋಟೊ ಬದಲಾಗಿರುವ ಸಂಶಯ. ಪಿನ್ ಹೊಡೆದಿದ್ದರೆ ತುಕ್ಕಿನ ಕಲೆ ಎದುರು ಪುಟಕ್ಕೂ ಇಳಿದಿರಬೇಕು. ಹೊಸ ಪಿನ್, ಹಳೇ ತೂತು ಇದ್ದರೆ ಯಾಕೆ ಅಂತ ಕೇಳಿ.

ಕಾಗದ ಪರೀಕ್ಷೆಗೆ ಅಲ್ಟ್ರಾವೈಲೆಟ್ ಟಾರ್ಚ್ ಸಾಕು. ಅಂಗಡಿಗಳಲ್ಲಿ ನೋಟು ನೋಡಲು ಇಟ್ಟುಕೊಂಡಿರುತ್ತಾರಲ್ಲ, ಅದೇ. ಕತ್ತಲೆ ಕೋಣೆಯಲ್ಲಿ ಹಿಡಿಯಿರಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬೆರೆಸುವುದು ಹೆಚ್ಚಾಗಿ 1950ರ ಆಸುಪಾಸಿನಿಂದ ಬಂದದ್ದು. ಹಾಗಾಗಿ 1943ರ ದಾಖಲೆ ನೀಲಿ-ಬಿಳಿಯಾಗಿ ಫಳಫಳ ಹೊಳೆದರೆ ಸಂಶಯ ಪಡಿ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅನ್ನಲೂ ಆಗದು. ಹಳೇ ಖಾಲಿ ಹಾಳೆ ಹುಡುಕಿ ಅದರ ಮೇಲೆ ಹೊಸದಾಗಿ ಬರೆಯುವವರೂ ಇದ್ದಾರೆ.

ಬಾಲ್‌ಪಾಯಿಂಟ್ ಪೆನ್ ಅಂಗಡಿಗಳಲ್ಲಿ ಮಾಮೂಲಾಗಿ ಸಿಗತೊಡಗಿದ್ದು 1945ರ ಕೊನೆಯ ಹೊತ್ತಿಗೆ. 1941ರ ತಾರೀಕಿನ ಪುಟದಲ್ಲಿ ಬಾಲ್‌ಪಾಯಿಂಟ್ ಗೆರೆ ಕಂಡರೆ ಅಲ್ಲಿಗೆ ಬಿಟ್ಟುಬಿಡಿ. ಕಾಪಿಂಗ್ ಪೆನ್ಸಿಲ್ ಬರಹಕ್ಕೆ ಒದ್ದೆ ಬೆರಳು ಮಾತ್ರ ತಾಗಿಸಲೇಬೇಡಿ. ನೀರು ತಗುಲಿದ ಕೂಡಲೇ ನೇರಳೆ ಬಣ್ಣ ಹರಡುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ತಾರೀಕು. ಲಂಡನ್ ಸರ್ಕಾರದ ಪ್ರಧಾನಿಯೂ ಸೇನಾಪತಿಯೂ ಆಗಿದ್ದ ಜನರಲ್ ಸಿಕೋರ್ಸ್ಕಿ 1943ರ ಜುಲೈ 4ರಂದು ಜಿಬ್ರಾಲ್ಟರ್ ಬಳಿ ವಿಮಾನ ಬಿದ್ದು ತೀರಿಕೊಂಡರು. ಅದೇ ವರ್ಷದ ಆಗಸ್ಟಿನ ಕಾಗದದಲ್ಲಿ ಅವರ ಸಹಿ ಇರಲು ಸಾಧ್ಯವೇ ಇಲ್ಲ, ಅಲ್ವಾ? ಮೊಂಟೆ ಕಸೀನೊ ಬೆಟ್ಟದ ಮೇಲೆ ಪೋಲಿಷ್ ಬಾವುಟ ಏರಿದ್ದು 1944ರ ಮೇ 18ಕ್ಕೆ. ಅದರ ನೆನಪಿನ ಪದಕವನ್ನು ಸ್ಥಾಪಿಸಿದ್ದು ಜುಲೈನಲ್ಲಿ. ಮೇ ತಿಂಗಳ ಪದಕಪತ್ರ ಎಂದರೆ ಅಲ್ಲೇ ಗೊತ್ತಾಗುತ್ತದೆ. ಈ ಪದಕದಲ್ಲಿ ಇನ್ನೊಂದು ಅನುಕೂಲ ಇದೆ. ಪ್ರತಿ ಪದಕದ ಹಿಂದೆ ಒಂದು ನಂಬರ್ ಕೊರೆದಿರುತ್ತದೆ, ಅದೇ ನಂಬರ್ ಜೊತೆಗಿನ ಚೀಟಿಯಲ್ಲೂ ಇರುತ್ತದೆ. ಸುಮಾರು 48 ಸಾವಿರ ಪದಕ ಕೊಟ್ಟಿದ್ದಾರೆ. ನಂಬರ್ ತಾಳೆಯಾದರೆ ಬೇರೆಬೇರೆಯಾದ ಪದಕವನ್ನೂ ಚೀಟಿಯನ್ನೂ ಮತ್ತೆ ಒಂದು ಮಾಡಬಹುದು. ನಾನು 'ಕೂಡಿಸಿ' ಎಂದದ್ದು ಇದನ್ನೇ.

ಸಹಿಗಳು

ಸಹಿ ಸಂಗ್ರಹಕ್ಕೆ ಬರುವವರು ಸೀದಾ ಆಂಡರ್ಸ್, ಸಿಕೋರ್ಸ್ಕಿ ಹೆಸರಿಗೇ ಕೈ ಹಾಕುತ್ತಾರೆ. ನನ್ನ ಸಲಹೆ ಬೇರೆ. ಯುದ್ಧ ಮುಗಿದ ಮೇಲೂ ಬಹಳ ಕಾಲ ಬದುಕಿದ್ದವರಿಂದ ಶುರುಮಾಡಿ. ಟ್ಯಾಂಕ್ ಡಿವಿಷನ್ನಿನ ಜನರಲ್ ಮಾಚೆಕ್ 1994ರಲ್ಲಿ, 102ನೇ ವಯಸ್ಸಿನಲ್ಲಿ ಎಡಿನ್‌ಬರೊದಲ್ಲಿ ತೀರಿಕೊಂಡರು. ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಅವರ ಪೌರತ್ವವನ್ನೇ ಕಿತ್ತುಕೊಂಡಿತ್ತು. ಅಷ್ಟು ದೊಡ್ಡ ಸೇನಾಪತಿ ಹೊಟ್ಟೆಪಾಡಿಗೆ ಹೋಟೆಲಿನ ಬಾರ್‌ನಲ್ಲಿ ಕೆಲಸ ಮಾಡಿದರು. ವೈಮಾನಿಕ ಉರ್ಬನೋವಿಚ್ 1996ರವರೆಗೆ, ಸ್ಕಾಲ್ಸ್ಕಿ 2004ರವರೆಗೆ ಇದ್ದರು. ಇಂಥವರ ಯುದ್ಧಾನಂತರದ ಸಹಿಗಳು ಸಿಗುತ್ತವೆ, ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬೇಕಾದಷ್ಟು ಮಾದರಿಯೂ ಇರುತ್ತವೆ. ಬ್ರಿಟನ್ನಿನ ವಾಯುಪಡೆಯ ಆರ್.ಎ.ಎಫ್. ಮ್ಯೂಸಿಯಂ ಹೊರಡಿಸಿದ ವಿಶೇಷ ಲಕೋಟೆಗಳಲ್ಲಿ ವೈಮಾನಿಕರ ಸಹಿ ಇರುವಂಥವು ಇವೆ. ಯುದ್ಧಕಾಲದ ದಾಖಲೆಗೆ ಹೋಲಿಸಿದರೆ ಬೆಲೆಯೂ ಕಡಿಮೆ. ಕೈ ಪಳಗಲು ಅವು ಒಳ್ಳೆಯವು.

ಸಹಿಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಕನ್ನಡಿಯಲ್ಲಿ ನೋಡಿ. ಫೌಂಟನ್ ಪೆನ್ನಿನ ಇಂಕು ಕಾಗದದ ನಾರಿಗೆ ಇಳಿದಿರುತ್ತದೆ. ಗೆರೆ ತಿರುಗುವ ಕಡೆ ದಪ್ಪ, ಎಳೆದು ಬಿಟ್ಟ ಕಡೆ ತೆಳು. ಅಚ್ಚಾದ ಸಹಿಗೆ ಈ ಏರಿಳಿತ ಇರುವುದಿಲ್ಲ. ಕೆಲವು ಸಲ ಸಣ್ಣ ಚುಕ್ಕಿಗಳೇ ಕಾಣುತ್ತವೆ. ರಬ್ಬರ್ ಮುದ್ರೆಯದ್ದಾದರೆ ಅಂಚಿನಲ್ಲಿ ಇಂಕು ಒತ್ತರಿಸಿ ನಿಂತಿರುತ್ತದೆ. ಸಾವಿರಾರು ಜನಕ್ಕೆ ಹಂಚಿದ ಪತ್ರಗಳಿಗೆ ಸೇನಾಪತಿ ಕೂತು ಒಂದೊಂದಕ್ಕೂ ಸಹಿ ಹಾಕುತ್ತಿದ್ದರು ಅಂದುಕೊಳ್ಳಬೇಡಿ. ನಿಧಾನವಾಗಿ, ನಡುಗುತ್ತ ಎಳೆದ ಗೆರೆ ಕಂಡರೆ ಯಾರೋ ನೋಡಿಕೊಂಡು ಬರೆದಿದ್ದಾರೆ.

ಒಂದು ಮಾತು ಸೇರಿಸಬೇಕು. ಪೇ ಬುಕ್ಕಿನ ಒಳಗೆ ಆ ಸಾಮಾನ್ಯ ಸೈನಿಕ ತನ್ನ ಹೆಸರು ಬರೆದಿರುತ್ತಾನಲ್ಲ, ನನಗೆ ಅದೂ ಸಹಿಯೇ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಸೈಬೀರಿಯದಿಂದ ಬಂದು, ಮರಳುಗಾಡು ದಾಟಿ, ಇಟಲಿಯ ಬೆಟ್ಟ ಹತ್ತಿದವನ ಕೈಬರಹ ಅದು.

ಆ ಮನುಷ್ಯ ಯಾರು ಎಂದು ಹುಡುಕುವುದು

ವಾಯುಪಡೆಯವರಾದರೆ 'ಲಿಸ್ತಾ ಕ್ಷಿಸ್ತ್‌ಕಾ' ಎಂಬ ಅಂತರ್ಜಾಲ ಪಟ್ಟಿ ಇದೆ. ಬ್ರಿಟನ್ನಿನಲ್ಲಿದ್ದ ಪೋಲಿಷ್ ವಾಯುಪಡೆಯ ಸಿಬ್ಬಂದಿಯ ಹೆಸರು, ಸರ್ವೀಸ್ ನಂಬರ್ ಅದರಲ್ಲಿವೆ. ಅಧಿಕಾರಿಗಳ ನಂಬರಿನ ಮುಂದೆ 'ಪಿ' ಅಕ್ಷರ ಇರುತ್ತದೆ. ಸೋವಿಯತ್ ಕೈಗೆ ಸಿಕ್ಕಿ ನರಳಿದವರಿಗೆ ಪೋಲೆಂಡಿನಲ್ಲಿ ಬೇರೆ ಸೂಚಿ ಇದೆ. ಲಂಡನ್ನಿನ ಪ್ರಿನ್ಸಸ್ ಗೇಟಿನಲ್ಲಿ ಸಿಕೋರ್ಸ್ಕಿ ಹೆಸರಿನ ಸಂಸ್ಥೆ, ಮ್ಯೂಸಿಯಂ ಇದ್ದು, ದೊಡ್ಡ ದಾಖಲೆ ಭಂಡಾರವನ್ನೂ ಇಟ್ಟುಕೊಂಡಿದೆ. ಕೇಳುವಾಗ ಹೆಸರು, ಹುಟ್ಟಿದ ತಾರೀಕು, ಸರ್ವೀಸ್ ನಂಬರ್ ಮೂರನ್ನೂ ಬರೆಯಿರಿ. ಬರೀ ಹೆಸರು ಕೊಟ್ಟರೆ ಒಂದೇ ಹೆಸರಿನ ಹತ್ತು ಜನ ಸಿಗುತ್ತಾರೆ. ಯುದ್ಧದ ನಂತರ ಊರಿಗೆ ಹೋಗಲಾಗದೆ ಬ್ರಿಟನ್ನಿನಲ್ಲೇ ಉಳಿದವರನ್ನು 1946ರಲ್ಲಿ ಪುನರ್ವಸತಿಗಾಗಿ ಕಟ್ಟಿದ ಪೋಲಿಷ್ ರೀಸೆಟ್ಲ್‌ಮೆಂಟ್ ಕೋರ್‌ಗೆ ಸೇರಿಸಿಕೊಂಡರು. ಆ ಕಾಗದ ಸಿಕ್ಕರೆ ಮನುಷ್ಯ ಆಮೇಲೆ ಎಲ್ಲಿ ನೆಲೆ ನಿಂತ ಎಂಬ ಸುಳಿವು ಸಿಗುತ್ತದೆ.

ತರಿಸುವುದು, ಕಾನೂನು

ಪೋಲೆಂಡಿನ ಅಲೆಗ್ರೊ ಎಂಬ ಆನ್‌ಲೈನ್ ಮಾರುಕಟ್ಟೆ, ಇಬೇ, ಬ್ರಿಟನ್ನಿನ ಹರಾಜು ಮನೆಗಳು ಇವೇ ಮುಖ್ಯ ಮಾರುಕಟ್ಟೆ. ಎಲ್ಲ ಪುಟದ ಫೋಟೊ ಕೇಳಿ, ಖಾಲಿ ಪುಟದ್ದೂ ಸೇರಿ. ಹಳೇ ದಾಖಲೆ ಹೊರದೇಶಕ್ಕೆ ಕಳಿಸಲು ಅವರ ಕಾನೂನು ಪ್ರಕಾರ ಅನುಮತಿ ಬೇಕಾ ಎಂಬುದನ್ನು ಮಾರುವವರಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಎರಡು ಗಟ್ಟಿ ರಟ್ಟಿನ ನಡುವೆ, ಪ್ಲಾಸ್ಟಿಕ್ ಕವರಿನ ಒಳಗಿಟ್ಟು, ಟ್ರ್ಯಾಕಿಂಗ್ ಇರುವ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲು ಹೇಳಿ. ಸಿ.ಎನ್. 22 ಕಸ್ಟಮ್ಸ್ ಚೀಟಿಯಲ್ಲಿ ವಸ್ತು ಏನು, ಬೆಲೆ ಎಷ್ಟು ಎಂದು ಇದ್ದದ್ದು ಇದ್ದ ಹಾಗೆ ಬರೆಸಿ. ಸುಂಕ ಉಳಿಸಲು ಬೆಲೆ ಕಡಿಮೆ ಬರೆಸಿದರೆ ಅದು ಸುಳ್ಳು ಘೋಷಣೆ. ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ. ಕೌಂಟರಿನ ಒಳಗೆ ಕೂತು ಇದನ್ನು ಬಹಳ ಜನಕ್ಕೆ ಹೇಳಿದ್ದೇನೆ.

ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯನ್ನೂ ತಿಳಿದಿರಿ. ಚಾರಿತ್ರಿಕ ಮಹತ್ವದ ಹಸ್ತಪ್ರತಿ, ದಾಖಲೆಗೆ 75 ವರ್ಷ ತುಂಬಿದರೆ ಅದು ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಖಾಸಗಿಯವರು ಅಂಥದ್ದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಭಾರತದಲ್ಲೇ ಸಿಕ್ಕ ವಳಿವಡೆಯ ಕಾಗದವನ್ನು ವಿದೇಶದವರಿಗೆ ಮಾರುವ ಯೋಚನೆ ಬೇಡ. ಹೊರಗಿನಿಂದ ತರಿಸಿದ್ದರೆ ಬಿಲ್ಲು, ಕಸ್ಟಮ್ಸ್ ಚೀಟಿ, ಲಕೋಟೆ ಎಲ್ಲ ದಾಖಲೆಯ ಜೊತೆಗೇ ಇಡಿ.

ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ಎಸ್ಟೇಟ್ ಬಂಗಲೆಗಳ ಟ್ರಂಕುಗಳಲ್ಲಿ ಏನಾದರೂ ಸಿಗುತ್ತಾ ಅಂತ ಕೇಳುವವರಿದ್ದಾರೆ. ಪೋಲಿಷ್ ಕಾಗದ ಅಲ್ಲಿ ಸಿಗುವುದು ತೀರಾ ಅಪರೂಪ. ಆದರೆ ಅರಸೀಕೆರೆ, ಆಲೂರು, ಕಡೂರಿನ ಮನೆಗಳಲ್ಲಿ ನಮ್ಮವರದೇ ಸೈನ್ಯದ ಬಿಡುಗಡೆ ಪತ್ರಗಳು ಇರಬಹುದು, ಕೇಳಿ ನೋಡಿ. ಮೊಂಟೆ ಕಸೀನೊ ಮೇಲೆ ಪೋಲಿಷ್ ಸೈನಿಕರಿಗಿಂತ ಮೊದಲು, 1944ರ ಫೆಬ್ರವರಿಯಲ್ಲಿ ಏರಿಹೋದವರಲ್ಲಿ 4ನೇ ಭಾರತೀಯ ಡಿವಿಷನ್ ಇತ್ತು. ಬೆಂಗಳೂರಿನಲ್ಲಿ ನೆಲೆ ಇದ್ದ ಮದ್ರಾಸ್ ಸ್ಯಾಪರ್ಸ್ ಪಡೆ ಅದೇ ರಣರಂಗದಲ್ಲಿತ್ತು. ಅದರ ಸುಬೇದಾರ್ ಸುಬ್ರಮಣಿಯನ್ ಜೊತೆಯವರನ್ನು ಉಳಿಸಲು ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟರು, ಅವರಿಗೆ ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ ಬಂತು. ಇಂಥ ಕಾಗದ ಯಾರ ಮನೆಯಲ್ಲಾದರೂ ಕಂಡರೆ ಕೊಳ್ಳಲು ಹೋಗಬೇಡಿ. ಸ್ಕ್ಯಾನ್ ಮಾಡಿಕೊಂಡು, ಒಂದು ಒಳ್ಳೆಯ ಕವರಿನಲ್ಲಿ ಹಾಕಿ, ಆ ಮನೆಯವರ ಕೈಗೇ ವಾಪಸ್ ಕೊಡಿ.

ಮಳೆಗಾಲ

ಮಲೆನಾಡಿನ ಅಂಚಿನಲ್ಲಿ ಇರುವವರಿಗೆ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಹಾಸನದಲ್ಲಿ ಪರವಾಗಿಲ್ಲ. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಬೀರುವಿನೊಳಗಿನ ಸೀರೆಗೂ ಬೂಷ್ಟು ಬರುತ್ತದೆ, ಕಾಗದ ಬಿಡುತ್ತಾ? ತೇವಾಂಶ ಅಳೆಯುವ ಸಣ್ಣ ಮೀಟರ್ ಬೀರುವಿನಲ್ಲಿಡಿ. ನೂರಕ್ಕೆ 45ರಿಂದ 55ರ ಒಳಗಿದ್ದರೆ ನೆಮ್ಮದಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ. ಅದರ ಬಣ್ಣ ತಿರುಗಿದಾಗ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಿ. ಬೀರುವನ್ನು ಹೊರಗೋಡೆಗೆ ತಾಗಿಸಬೇಡಿ, ಕೆಳಗೆ ಇಟ್ಟಿಗೆ ಕೊಡಿ.

ಸ್ಟೇಷನರಿ ಅಂಗಡಿಯ ಮೆತ್ತನೆ ಪಿ.ವಿ.ಸಿ. ಕವರ್ ಬೇಡ, ಕೆಲವು ವರ್ಷದಲ್ಲಿ ಅಂಟಿಕೊಂಡು ಇಂಕನ್ನೇ ಎಳೆದುಬಿಡುತ್ತದೆ. ಪಾಲಿಯೆಸ್ಟರ್ ಹಾಳೆಯ ಕವರ್ ತರಿಸಿ, ಆಮ್ಲವಿಲ್ಲದ ಕಾಗದದ ಮಡಿಕೆ ಕೊಡಿ. ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಮಾಡಿಸಿದರೆ ಆ ದಾಖಲೆ ಹೋದ ಹಾಗೇ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗುವಂತೆ ಇಡಬೇಡಿ.

ಪ್ರತಿ ಕಟ್ಟಿಗೂ ಒಂದು ಚೀಟಿ ಬರೆಯಿರಿ, ಪೆನ್ಸಿಲ್ಲಿನಲ್ಲಿ, ಬೇರೆ ಹಾಳೆಯಲ್ಲಿ. ಸೈನಿಕನ ಪೂರ್ತಿ ಹೆಸರು, ನಂಬರ್, ಹುಟ್ಟಿದ ಊರು, ಯಾರಿಂದ ಯಾವಾಗ ಕೊಂಡದ್ದು, ಜೊತೆಗೆ ಇದ್ದು ಬೇರೆಯವರಿಗೆ ಹೋದದ್ದು ಏನು ಎಂಬುದನ್ನೆಲ್ಲ ಬರೆದಿಡಿ. ಆ ಕೊನೆಯ ಸಾಲು ಮುಖ್ಯ. ನಿಮ್ಮ ಪೇ ಬುಕ್ಕಿನವನ ಪದಕ ಎಲ್ಲೋ ಹರಾಜಿಗೆ ಬಂದ ದಿನ ಗುರುತು ಹಿಡಿಯಲು ಅದೇ ಬೇಕು. ಎಲ್ಲ ಪುಟ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಮನೆಯವರಲ್ಲಿ ಒಬ್ಬರಿಗಾದರೂ ಆ ಡಬ್ಬಿಯಲ್ಲಿ ಏನಿದೆ, ನೀವಿಲ್ಲದಾಗ ಯಾರಿಗೆ ಕೊಡಬೇಕು ಎಂದು ಹೇಳಿಡಿ. ಸೈನಿಕನ ಮೊಮ್ಮಕ್ಕಳು ಯಾರಾದರೂ ಹುಡುಕಿಕೊಂಡು ಪತ್ರ ಬರೆದರೆ ಮೊದಲು ಸ್ಕ್ಯಾನ್ ಕಳಿಸಿ. ಅವರಿಗೆ ಮೂಲವೇ ಬೇಕೆಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಬರೆದು, ಕಳಿಸಲು ದಾರಿ ಏನಿದೆ ಎಂದು ಕೇಳಿ. ಉತ್ತರ ಬರುವ ತನಕ ಕಟ್ಟು ಹಾಗೇ ಇರಲಿ.